ಹನ್ನೆರಡು ಪ್ರಾಣಿಗಳು, ಅರವತ್ತು ಸಂವತ್ಸರಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆಯ ವಿದ್ಯಾರ್ಥಿಗಳು ತಮಗಿಷ್ಟವಾದ ಒಂದು ವಿಷಯದ ಬಗ್ಗೆ ಹದಿನೈದು ನಿಮಿಷ ಮಾತನಾಡಬೇಕೆಂದು ಸಮಿತಿಯವರು ಕೇಳಿದ್ದಾರೆ. ಸಾಫ್ಟ್‌ವೇರ್‌ನವನು ಕಂಪ್ಯೂಟರ್ ವಿಷಯವನ್ನೇ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವುದು ಇಲಿ, ಎತ್ತು, ಹುಲಿ, ಮೊಲಗಳ ವಿಷಯ. ಚೀನಾದವರು ವರ್ಷಕ್ಕೊಂದು ಪ್ರಾಣಿಯ ಹೆಸರಿಟ್ಟು ಕಾಲ ಎಣಿಸುತ್ತಾರೆ. ನಾವು ಪ್ರಭವ, ವಿಭವ ಎಂದು ಸಂವತ್ಸರದ ಹೆಸರಿಟ್ಟು ಎಣಿಸುತ್ತೇವೆ. ಐವತ್ತು ವರ್ಷ ತುಂಬಿದ ಸಂಭ್ರಮವೂ ವರ್ಷ ಎಣಿಸುವ ಹಬ್ಬವೇ ಅಲ್ಲವೇ? ಅದಕ್ಕೇ ಈ ವಿಷಯ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಡದಲ್ಲಿ ಸಿಂಗಪುರದವರೂ ಇದ್ದಾರೆ. ಅವರಲ್ಲಿ ಹಿರಿಯರೊಬ್ಬರು ಯಾರ ವಯಸ್ಸನ್ನೂ ನೇರವಾಗಿ ಕೇಳುವುದಿಲ್ಲ. ‘ನಿಮ್ಮದು ಯಾವ ಪ್ರಾಣಿ?’ ಎನ್ನುತ್ತಾರೆ. ನಾನು 1990ರಲ್ಲಿ ಹುಟ್ಟಿದವನು, ನನ್ನದು ಕುದುರೆ. ಕುದುರೆ ಎಂದರೆ 1978, 1990 ಅಥವಾ 2002. ಮುಖ ನೋಡಿದರೆ ಇವುಗಳಲ್ಲಿ ಯಾವುದೆಂದು ತಿಳಿದುಹೋಗುತ್ತದೆ. ಕೇಳಿದವರಿಗೆ ಉತ್ತರ ಸಿಕ್ಕಿತು, ಕೇಳಿಸಿಕೊಂಡವರಿಗೆ ಮುಜುಗರವೂ ಆಗಲಿಲ್ಲ.

ಹನ್ನೆರಡು ಪ್ರಾಣಿಗಳ ಸಾಲು ಮತ್ತು ಅವುಗಳಿಗೆ ಅವರು ಹೇಳುವ ಗುಣಗಳು ಹೀಗಿವೆ. ಇಲಿ ಚುರುಕು ಮತ್ತು ಕೂಡಿಡುವ ಬುದ್ಧಿಯದು. ಎತ್ತು ದುಡಿಮೆಯದು. ಹುಲಿ ಧೈರ್ಯದ್ದು. ಮೊಲ ಮೆದು ಸ್ವಭಾವದ್ದು. ಡ್ರ್ಯಾಗನ್ ಶಕ್ತಿ ಮತ್ತು ಅದೃಷ್ಟದ್ದು. ನಮ್ಮ ಕಥೆಗಳ ಬೆಂಕಿಯುಗುಳುವ ರಾಕ್ಷಸನಲ್ಲ ಅದು, ನೀರಿನಲ್ಲಿದ್ದು ಮಳೆ ತರುವ ಪ್ರಾಣಿ, ಚಕ್ರವರ್ತಿಗಳ ಲಾಂಛನ. ಹಾವು ಆಳವಾದ ಬುದ್ಧಿಯದು, ಗುಟ್ಟು ಬಿಡದ್ದು. ಕುದುರೆ ವೇಗ ಮತ್ತು ಸ್ವಾತಂತ್ರ್ಯದ್ದು. ಕುರಿ ಶಾಂತ, ಕಲೆಯ ಒಲವಿನದು. ಕೋತಿ ಜಾಣ. ಹುಂಜ ಹೊತ್ತು ತಪ್ಪದ್ದು, ಸ್ವಲ್ಪ ಜಂಬದ್ದು. ನಾಯಿ ನಿಯತ್ತಿನದು. ಹಂದಿ ಸಮೃದ್ಧಿಯದು, ಧಾರಾಳ ಮನಸ್ಸಿನದು.

ಇಲಿ ಮೊದಲ ಸ್ಥಾನ ಪಡೆದದ್ದಕ್ಕೆ ಅಲ್ಲಿ ಒಂದು ಕಥೆಯಿದೆ. ದೇವಲೋಕದ ಒಡೆಯ ಪ್ರಾಣಿಗಳಿಗೆ ಓಟದ ಸ್ಪರ್ಧೆ ಇಟ್ಟನಂತೆ. ಇಲಿ ಎತ್ತಿನ ಬೆನ್ನೇರಿ ಹೊಳೆ ದಾಟಿ, ಗುರಿ ಹತ್ತಿರ ಬಂದಾಗ ಮುಂದಕ್ಕೆ ನೆಗೆದುಬಿಟ್ಟಿತು. ಬೆಕ್ಕಿಗೆ ಇಲಿ ಮೋಸ ಮಾಡಿದ್ದರಿಂದ ಅದಕ್ಕೆ ಸಾಲಿನಲ್ಲಿ ಜಾಗವೇ ಸಿಗಲಿಲ್ಲ. ಅಂದಿನಿಂದ ಎರಡಕ್ಕೂ ಹಗೆ. ಆದರೆ ವಿಯೆಟ್ನಾಮಿನವರು ಮೊಲವನ್ನು ತೆಗೆದು ಬೆಕ್ಕನ್ನೇ ಕೂರಿಸಿದ್ದಾರೆ. ಎತ್ತಿನ ಜಾಗದಲ್ಲಿ ಅವರದು ಎಮ್ಮೆ. ಅವರವರ ಗದ್ದೆ, ಅವರವರ ಹಟ್ಟಿ.

ಮಕ್ಕಳೇ, ನಿಮ್ಮ ಪ್ರಾಣಿ ಯಾವುದೆಂದು ತಿಳಿಯಲು ಮೊಬೈಲ್ ಬೇಡ. ಹುಟ್ಟಿದ ಇಸವಿಯನ್ನು 12ರಿಂದ ಭಾಗಿಸಿ, ಶೇಷ ನೋಡಿ. ಶೇಷ 4 ಬಂದರೆ ಇಲಿ, 5 ಎತ್ತು, 6 ಹುಲಿ, 7 ಮೊಲ, 8 ಡ್ರ್ಯಾಗನ್, 9 ಹಾವು, 10 ಕುದುರೆ, 11 ಕುರಿ, 0 ಕೋತಿ, 1 ಹುಂಜ, 2 ನಾಯಿ, 3 ಹಂದಿ. ಜನವರಿಯಲ್ಲೋ ಫೆಬ್ರವರಿಯ ಮೊದಲಲ್ಲೋ ಹುಟ್ಟಿದವರಿಗೆ ಹಿಂದಿನ ವರ್ಷದ ಪ್ರಾಣಿಯೇ ಬರಬಹುದು, ಏಕೆಂದರೆ ಅವರ ಹೊಸ ವರ್ಷ ಅಮಾವಾಸ್ಯೆಯ ಲೆಕ್ಕದಲ್ಲಿ ಸ್ವಲ್ಪ ತಡವಾಗಿ ಶುರುವಾಗುತ್ತದೆ.

ಪ್ರಾಣಿಗಳ ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳೂ ಇವೆ. ಒಂದೊಂದು ತತ್ತ್ವ ಎರಡೆರಡು ವರ್ಷ ನಡೆಯುವುದರಿಂದ ಇದು ಹತ್ತು ವರ್ಷದ ಸುತ್ತು. ಇಸವಿಯ ಕೊನೆಯ ಅಂಕಿ 4, 5 ಇದ್ದರೆ ಮರ. 6, 7 ಬೆಂಕಿ. 8, 9 ಮಣ್ಣು. 0, 1 ಲೋಹ. 2, 3 ನೀರು. ಹತ್ತರ ಸುತ್ತೂ ಹನ್ನೆರಡರ ಸುತ್ತೂ ಒಟ್ಟಿಗೆ ಹೊರಟರೆ ಮತ್ತೆ ಎಂದು ಸೇರುತ್ತವೆ? ಇದೇ ಶಾಲೆಯಲ್ಲಿ ಕಲಿತ ಲ.ಸಾ.ಅ. ಉತ್ತರ 60. ಹಾಗಾಗಿ ಚೀನಾದ ದೊಡ್ಡ ಸುತ್ತು ಅರವತ್ತು ವರ್ಷದ್ದು.

ನಮ್ಮ ಸಂವತ್ಸರಗಳೂ ಅರವತ್ತೇ. ನಮ್ಮಲ್ಲಿ ಇದು ಗುರುಗ್ರಹದ ಲೆಕ್ಕದಿಂದ ಬಂದದ್ದು. ಗುರು ಆಕಾಶವನ್ನೊಮ್ಮೆ ಸುತ್ತಲು ಸುಮಾರು 12 ವರ್ಷ ಬೇಕು, ಐದು ಸುತ್ತಿಗೆ 60. ಶನಿಯ ಸುತ್ತು ಸುಮಾರು 30 ವರ್ಷ, ಎರಡು ಸುತ್ತಿಗೆ ಅದೂ 60.

ಈ ಎರಡು ಲೆಕ್ಕಗಳೂ ಕೈಕೈ ಹಿಡಿದು ನಡೆಯುವುದನ್ನು ನೋಡಲು ಚೀನಾಕ್ಕೆ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಹೋದರೆ ಸಾಕು. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಅವರ ಪಂಚಾಂಗದಲ್ಲಿ ಇದೇ ಹನ್ನೆರಡು ಪ್ರಾಣಿಗಳಿವೆ, ಇದೇ ಐದು ತತ್ತ್ವಗಳಿವೆ. ಆದರೆ ಅರವತ್ತು ವರ್ಷದ ಎಣಿಕೆಯನ್ನು ಅವರು ಚೀನಾದವರ ಹಾಗೆ ‘ಮರದ ಇಲಿ’ಯಿಂದ ಶುರುಮಾಡುವುದಿಲ್ಲ, ‘ಬೆಂಕಿಯ ಮೊಲ’ದಿಂದ ಶುರುಮಾಡುತ್ತಾರೆ. ಅವರ ಮೊದಲ ಸುತ್ತು ಆರಂಭವಾದದ್ದು 1027ರಲ್ಲಿ. ಆ ಸುತ್ತಿಗೆ ಅವರು ಇಟ್ಟಿರುವ ಹೆಸರು ರಬ್‌ಜುಂಗ್. ಅದು ‘ಪ್ರಭವ’ ಎಂಬ ಪದದ ಟಿಬೆಟನ್ ಅನುವಾದ. ಭಾರತದಿಂದ ಹೋದ ಕಾಲಚಕ್ರ ತಂತ್ರದ ಜೊತೆಯಲ್ಲಿ ನಮ್ಮ ಸಂವತ್ಸರಗಳೂ ಹಿಮಾಲಯ ದಾಟಿ, ಚೀನಾದ ಪ್ರಾಣಿಗಳ ಜೊತೆ ಸೇರಿಕೊಂಡವು. 1027ರಿಂದ ಅರವತ್ತರ ಹದಿನಾರು ಸುತ್ತು ಎಣಿಸಿದರೆ 1987. ನಮ್ಮ ಪಂಚಾಂಗದಲ್ಲೂ 1987ರ ಯುಗಾದಿಗೆ ಬಂದದ್ದು ಪ್ರಭವ ಸಂವತ್ಸರವೇ. ಒಂದು ವರ್ಷವೂ ಹೆಚ್ಚುಕಡಿಮೆಯಿಲ್ಲ! ಮೊದಲ ಸಲ ಈ ಲೆಕ್ಕ ಹಾಕಿ ನೋಡಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ರಾತ್ರಿ ಹತ್ತು ಗಂಟೆಗೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

ಹೀಗೆ ಹೆಸರಿಟ್ಟು ಎಣಿಸುವುದರಿಂದ ಲಾಭವೂ ಇದೆ. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ನಮ್ಮ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಕಾಲ ಹೇಳುವ ಶಾಸನಗಳು ಸಾಮಾನ್ಯವಾಗಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರನ್ನೂ ಹೇಳುತ್ತವೆ. ಕಲ್ಲು ಸವೆದು ಅಂಕಿ ಅಳಿಸಿದ್ದರೂ ಹೆಸರು ಉಳಿದಿದ್ದರೆ ವರ್ಷ ಹಿಡಿಯಬಹುದು. ಎರಡೂ ಉಳಿದಿದ್ದರೆ ಒಂದಕ್ಕೊಂದು ತಾಳೆ ನೋಡಬಹುದು. ನಾವು ಕಂಪ್ಯೂಟರ್‌ನಲ್ಲಿ ಮಾಹಿತಿ ಕಳಿಸುವಾಗ ತಪ್ಪು ಹಿಡಿಯಲೆಂದು ಜೊತೆಗೆ ಒಂದು ತಾಳೆಯ ಅಂಕಿ ಸೇರಿಸುತ್ತೇವೆ. ನಮ್ಮ ಊರುಗಳಲ್ಲಿ ಶಾಸನ ಬರೆಸಿದವರು ಆ ಕೆಲಸವನ್ನು ಕಲ್ಲಿನ ಮೇಲೆ ಎಂದೋ ಮಾಡಿಟ್ಟಿದ್ದಾರೆ.

ಇಲ್ಲಿಯ ತನಕ ಎಲ್ಲವೂ ಚೆಂದ. ವರ್ಷ ಗುರುತಿಸಲು ಇಟ್ಟ ಹೆಸರಿನಿಂದ ಮನುಷ್ಯರನ್ನು ಅಳೆಯಲು ಹೊರಟಾಗ ತೊಂದರೆ ಶುರುವಾಗುತ್ತದೆ.

ಜಪಾನಿನಲ್ಲಿ ‘ಬೆಂಕಿಯ ಕುದುರೆ’ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನ ಆಯುಷ್ಯ ಕಡಿಮೆ ಮಾಡುತ್ತಾಳೆ ಎಂಬ ನಂಬಿಕೆ ಬಹಳ ಹಿಂದಿನದು. 1966 ಅಂಥ ವರ್ಷ. 1965ರಲ್ಲಿ ಆ ದೇಶದಲ್ಲಿ ಸುಮಾರು 18 ಲಕ್ಷ 20 ಸಾವಿರ ಮಕ್ಕಳು ಹುಟ್ಟಿದ್ದರು. 1966ರಲ್ಲಿ ಹುಟ್ಟಿದ್ದು ಸುಮಾರು 13 ಲಕ್ಷ 60 ಸಾವಿರ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ರೈಲು, ಕಾರ್ಖಾನೆ, ಟಿ.ವಿ. ಎಲ್ಲದರಲ್ಲೂ ಮುಂದಿದ್ದ ದೇಶದಲ್ಲಿ, ಹುಟ್ಟುವುದು ಹೆಣ್ಣಾದರೆ ಮುಂದೆ ಮದುವೆಯಾಗುವುದಿಲ್ಲವೇನೋ ಎಂಬ ಭಯಕ್ಕೆ ಒಂದೇ ವರ್ಷದಲ್ಲಿ ನಾಲ್ಕೂವರೆ ಲಕ್ಷ ಮಕ್ಕಳು ಕಡಿಮೆಯಾದರು.

ನಮ್ಮ ಪಂಚಾಂಗದಲ್ಲಿ 1966ರ ಯುಗಾದಿಯಿಂದ ನಡೆದದ್ದು ಪರಾಭವ ಸಂವತ್ಸರ. ಪರಾಭವ ಎಂದರೆ ಸೋಲು. ಹೆಸರಿಗೆ ಹೆದರುವುದಾದರೆ ಕುದುರೆಗಿಂತ ಇದಕ್ಕೇ ಹೆಚ್ಚು ಹೆದರಬೇಕಿತ್ತು. ನಮ್ಮೂರುಗಳಲ್ಲಿ ಯಾರೂ ಹೆದರಲಿಲ್ಲ. ನಮ್ಮವ್ವ ಹುಟ್ಟಿದ್ದು ಅದೇ ವರ್ಷ. ಬೆಳಗಿನ ಜಾವಕ್ಕೆ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ನಮ್ಮಿಬ್ಬರನ್ನು ಓದಿಸಿದವರು ಅವರು. ಬೆಂಕಿಯ ಕುದುರೆಯನ್ನು ಕಟ್ಟಿಕೊಂಡ ನಮ್ಮಪ್ಪ ಗಟ್ಟಿಮುಟ್ಟಾಗಿ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವ್ವನಿಗೂ ನನಗೂ ಇಪ್ಪತ್ತನಾಲ್ಕು ವರ್ಷದ ಅಂತರ, ಹಾಗಾಗಿ ಇಬ್ಬರದೂ ಕುದುರೆಯೇ. ಒಂದು ಕುದುರೆ ನಾಲ್ಕು ಗಂಟೆಗೆ ಏಳುತ್ತದೆ, ಇನ್ನೊಂದನ್ನು ಎಂಟಕ್ಕೆ ಎಬ್ಬಿಸಬೇಕು. 2026ರ ಯುಗಾದಿಯೊಂದಿಗೆ ಮತ್ತೆ ಪರಾಭವವೇ, ಮತ್ತೆ ಬೆಂಕಿಯ ಕುದುರೆಯೇ. ನಾವು ಅದನ್ನು ಅರವತ್ತರ ಶಾಂತಿ ಎಂದು ಹಬ್ಬ ಮಾಡುತ್ತೇವೆ. ಜಪಾನ್, ಕೊರಿಯಾಗಳಲ್ಲೂ ಅರವತ್ತು ತುಂಬಿದವರಿಗೆ ಇಂಥದೇ ಹಬ್ಬವಿದೆ.

ಒಳ್ಳೆಯ ಹೆಸರಿನಿಂದಲೂ ತೊಂದರೆಯುಂಟು. 1988 ಡ್ರ್ಯಾಗನ್ ವರ್ಷ. ಡ್ರ್ಯಾಗನ್ ಮಗು ಅದೃಷ್ಟಶಾಲಿ ಎಂಬ ಆಸೆಯಿಂದ, ಸರ್ಕಾರದ ಪ್ರೋತ್ಸಾಹವೂ ಸೇರಿ, ಸಿಂಗಪುರದಲ್ಲಿ ಆ ವರ್ಷ ಜನನ ಬಹಳ ಏರಿತು. ಅದೃಷ್ಟದ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಒಂದು ಸೀಟಿಗೆ ಹೆಚ್ಚು ಜನ. ನಮ್ಮ ಸಿಂಗಪುರದ ಹಿರಿಯರು ನಕ್ಕು ಹೇಳುತ್ತಾರೆ: ‘ಅದೃಷ್ಟ ಬೇಕಿದ್ದರೆ ಜನ ಬೇಡವೆನ್ನುವ ವರ್ಷದಲ್ಲಿ ಹುಟ್ಟಬೇಕು.’

ದೂರದವರ ಮಾತು ಹೇಳಿ ನಮ್ಮದನ್ನು ಮುಚ್ಚಿಡಬಾರದು. ನಮ್ಮ ಸಾಲಾವಳಿಯಲ್ಲೂ ಪ್ರಾಣಿಗಳಿವೆ. ಯೋನಿಕೂಟ ಎಂದು ಪಂಚಾಂಗದಲ್ಲಿರುವುದು ಅದೇ. ಅಶ್ವಿನಿಗೆ ಕುದುರೆ, ಭರಣಿಗೆ ಆನೆ, ರೋಹಿಣಿಗೆ ಹಾವು ಎಂದು ನಕ್ಷತ್ರಗಳಿಗೆ ಹದಿನಾಲ್ಕು ಪ್ರಾಣಿಗಳನ್ನು ಹಂಚಿದ್ದಾರೆ. ಅವುಗಳಲ್ಲಿ ಇಲಿ, ದನ, ಹುಲಿ, ಹಾವು, ಕುದುರೆ, ಕುರಿ, ಕೋತಿ, ನಾಯಿ ಎಂಟೂ ಚೀನಾದ ಸಾಲಿನಲ್ಲೂ ಇವೆ. ಹಸುವಿಗೂ ಹುಲಿಗೂ ಆಗದು, ಹಾವಿಗೂ ಮುಂಗುಸಿಗೂ ಆಗದು ಎಂದು ವೈರದ ಜೋಡಿಗಳಿವೆ. ಮೂವತ್ತಾರು ಗುಣಗಳ ಅಷ್ಟಕೂಟದಲ್ಲಿ ಇದಕ್ಕೆ ನಾಲ್ಕು ಅಂಕ. ಮೊಬೈಲ್‌ನಲ್ಲಿ ಜಾತಕ ಹೊಂದಿಸುವ ಆ್ಯಪ್‌ಗಳಿವೆಯಲ್ಲ, ಈ ಕೂಟಕ್ಕೆ ಅವು ನೋಡುವುದು ಹದಿನಾಲ್ಕು ಸಾಲು, ಹದಿನಾಲ್ಕು ಕಂಬದ ಒಂದು ಕೋಷ್ಟಕ ಅಷ್ಟೇ. ಅದರಲ್ಲಿ ಹುಡುಗಿಯೂ ಇಲ್ಲ, ಹುಡುಗನೂ ಇಲ್ಲ.

ನನ್ನ ಚಿಕ್ಕಪ್ಪನ ಮಗಳದು ಮೂಲಾ ನಕ್ಷತ್ರ. ಮೂಲಾ ಮಾವನಿಗೆ ಆಗದು, ಆಶ್ಲೇಷ ಅತ್ತೆಗೆ ಆಗದು ಎಂದು ನೀವೂ ಕೇಳಿದ್ದೀರಿ. ನರ್ಸಿಂಗ್ ಓದಿ ಕೆಲಸದಲ್ಲಿದ್ದ ಹುಡುಗಿ. ನೋಡಲು ಬಂದವರು ಕಾಫಿ ಕುಡಿದು, ಮಾತಾಡಿ, ನಕ್ಷತ್ರ ಕೇಳಿ ಎದ್ದು ಹೋಗುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ಹಿತೈಷಿಯೊಬ್ಬರು, ‘ಹುಟ್ಟಿದ ಹೊತ್ತನ್ನು ಎರಡು ಗಂಟೆ ಮುಂದಕ್ಕೆ ಬರೆಸಿಬಿಡಿ, ಪೂರ್ವಾಷಾಢ ಆಗುತ್ತದೆ’ ಎಂದರು. ಮೂಲಾದ ಪ್ರಾಣಿ ನಾಯಿ, ಪೂರ್ವಾಷಾಢದ್ದು ಕೋತಿ. ಅವಳು ಒಪ್ಪಲಿಲ್ಲ. ‘ಸುಳ್ಳು ಹೇಳಿ ಹೋದ ಮನೆಯಲ್ಲಿ ಮಾವನಿಗೆ ಒಂದು ಕೆಮ್ಮು ಬಂದರೂ ನಾನು ರಾತ್ರಿಯೆಲ್ಲ ನಿದ್ದೆಗೆಡಬೇಕಾ ಅಣ್ಣ?’ ಎಂದು ನನ್ನನ್ನು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಕೊನೆಗೆ ನಕ್ಷತ್ರ ಕೇಳದ ಮನೆಯೊಂದು ಸಿಕ್ಕಿತು. ಈಗ ಆ ಮಾವನವರಿಗೆ ಬಿ.ಪಿ. ನೋಡಿ, ಹೊತ್ತು ಹೊತ್ತಿಗೆ ಮಾತ್ರೆ ಕೊಡುವವಳು ಅವಳೇ.

ಚಂದ್ರ 27 ನಕ್ಷತ್ರಗಳನ್ನು ಸುಮಾರು 27 ದಿನಗಳಲ್ಲಿ ದಾಟುತ್ತಾನೆ. ಎಂದರೆ ಸರಿಸುಮಾರು 27 ಹೆಣ್ಣುಮಕ್ಕಳಲ್ಲಿ ಒಬ್ಬಳು ಮೂಲಾದಲ್ಲೇ ಹುಟ್ಟುತ್ತಾಳೆ. ಇಲ್ಲಿ ಕುಳಿತಿರುವ ವಿದ್ಯಾರ್ಥಿನಿಯರಲ್ಲಿ ಐದಾರು ಜನರಾದರೂ ಇರಬೇಕು. ಓದಿ, ಕ್ರೀಡಾಕೂಟದಲ್ಲಿ ಓಡಿ, ಪ್ರಾರ್ಥನೆ ಹಾಡಿದ ಈ ಮಕ್ಕಳನ್ನು ನಾಳೆ ನಾವು ಕಾಫಿ ಕುಡಿದು ಎದ್ದು ಹೋಗುವ ಮಾತಿಗೆ ಒಪ್ಪಿಸಬೇಕೇ?

ಇದನ್ನು ಕೇಳಲು ಬಿ.ಇ. ಓದಬೇಕಾಗಿಲ್ಲ. ಸುಮಾರು 1900 ವರ್ಷಗಳ ಹಿಂದೆ ಚೀನಾದಲ್ಲೇ ವಾಂಗ್ ಚೊಂಗ್ ಎಂಬ ಪಂಡಿತ ಕೇಳಿದ್ದಾನೆ. ಇಲಿಯದು ನೀರು, ಕುದುರೆಯದು ಬೆಂಕಿ, ನೀರು ಬೆಂಕಿಯನ್ನು ಗೆಲ್ಲುತ್ತದೆ ಅನ್ನುತ್ತೀರಲ್ಲ, ಹಾಗಾದರೆ ಇಲಿ ಏಕೆ ಕುದುರೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ ಎಂಬುದು ಅವನ ಪ್ರಶ್ನೆಯ ತಿರುಳು.

ಹಿರಿಯರಲ್ಲಿ ನನ್ನದೊಂದು ಬಿನ್ನಹ. ಪಂಚಾಂಗ ಬಿಡಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಮಗು ಹುಟ್ಟಿದರೆ ತಾರೀಖಿನ ಜೊತೆ ಸಂವತ್ಸರ, ಮಾಸ, ತಿಥಿ ಬರೆದಿಡಿ, ಬೇಕಿದ್ದರೆ ಪ್ರಾಣಿಯನ್ನೂ ಬರೆಯಿರಿ. ಅದು ಒಳ್ಳೆಯ ದಾಖಲೆ. ಹೆಣ್ಣು ನೋಡಲು ಹೋದಾಗ ಮಾತ್ರ ಅವಳ ಓದು ಕೇಳಿ, ಆರೋಗ್ಯ ಕೇಳಿ, ನಡತೆ ಕೇಳಿ, ಅವಳ ಇಷ್ಟ ಏನೆಂದೂ ಕೇಳಿ. ಹುಡುಗನ ವಿಷಯದಲ್ಲೂ ಇಷ್ಟನ್ನೇ ಕೇಳಿ.

ಇನ್ನು ಹತ್ತು ವರ್ಷಕ್ಕೆ ನಮ್ಮ ಶಾಲೆಗೂ ಅರವತ್ತು ತುಂಬಿ, ಅದು ಹುಟ್ಟಿದ ಸಂವತ್ಸರವೇ ತಿರುಗಿ ಬರುತ್ತದೆ. ಈಗ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿರುವ ಹೆಣ್ಣುಮಕ್ಕಳಿಗೆ ಮದುವೆಯ ಮಾತು ಬರುವುದೂ ಆ ಹೊತ್ತಿಗೇ. ಅಂದು ಅವರಲ್ಲಿ ಯಾರೂ ನಕ್ಷತ್ರದ ಕಾರಣಕ್ಕೆ ತಲೆ ತಗ್ಗಿಸಿ ಕೂರದಿದ್ದರೆ, ಈ ಊರು ನಿಜವಾಗಿ ಒಂದು ಸುತ್ತು ಮುಂದೆ ಬಂದಿದೆ ಎಂದು ಲೆಕ್ಕ.