ಏರ್‌ಪೋರ್ಟ್‌ನಿಂದ ಬೆಟ್ಟದ ರೆಸಾರ್ಟ್‌ಗೆ ಕಾರು ಬುಕ್ ಮಾಡ್ತಿದ್ದೀರಾ? ರೇಟಿನ ಜೊತೆ ಇದನ್ನೂ ಕೇಳಿ

 

ರಜೆ ಹತ್ರ ಬಂತು ಅಂದ್ರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. "ಬೆಂಗಳೂರು ಏರ್‌ಪೋರ್ಟಿಂದ ಸೀದಾ ಚಿಕ್ಕಮಗಳೂರಿಗೆ ಕಾರು ಮಾಡ್ಕೊಂಡು ಹೋದ್ರೆ ಎಷ್ಟಾಗುತ್ತೆ? ಕಡಿಮೆಗೆ ಯಾರು ಬರ್ತಾರೆ?" ಇವತ್ತು ಅದಕ್ಕೆ ಉತ್ತರ ಹೇಳ್ತೀನಿ. ಆದ್ರೆ ಮೊದಲು ನಾನು ಕಡಿಮೆಗೆ ಬರೋರನ್ನ ಹುಡುಕಿದ ಕಥೆ ಹೇಳ್ಬೇಕು. ಈ ಕಥೆ ಹೇಳೋಕೆ ನನಗೆ ಸ್ವಲ್ಪ ಮುಜುಗರ ಇದೆ. ಆದ್ರೂ ಹೇಳ್ತೀನಿ.

ಅಪ್ಪನಿಗೆ 60 ತುಂಬ್ತು. ಚಿಕ್ಕಮಗಳೂರಿನ ಬೆಟ್ಟದ ಕಡೆ ಕಾಫಿ ತೋಟದೊಳಗಿನ ಒಂದು ರೆಸಾರ್ಟ್‌ನಲ್ಲಿ ಎರಡು ದಿನ ಎಲ್ಲರೂ ಸೇರೋದು ಅಂತ ತೀರ್ಮಾನ ಆಯ್ತು. ಅಪ್ಪ ಅಮ್ಮ ಹಿಂದಿನ ದಿನವೇ ಊರಿಂದ ಅಲ್ಲಿಗೆ ಹೋಗಿದ್ರು. ಅಕ್ಕ, ಭಾವ, ಅವರ ಎರಡು ವರ್ಷದ ಮಗಳು ದೋಹಾದಿಂದ ಬರೋರು. ಫ್ಲೈಟ್ ಇಳಿಯೋದು ಬೆಳಗಿನ ಜಾವ 3 ಗಂಟೆ 10 ನಿಮಿಷಕ್ಕೆ. ಅವರನ್ನ ಕರ್ಕೊಂಡು ಸೀದಾ ಬೆಟ್ಟಕ್ಕೆ ಹೋಗೋ ಜವಾಬ್ದಾರಿ ನಂದು.

ದಾರಿ ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ಚಿಕ್ಕಮಗಳೂರಿಗೆ ವಿಮಾನ ಇಲ್ಲ. ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ರಿಂದ ವಿಮಾನ ಹಾರಾಟ ಶುರುವಾಗಿದೆ. ಅಲ್ಲಿಂದ ತರೀಕೆರೆ ಮೇಲೆ ಹೋದ್ರೆ ಹತ್ತಿರ. ಮಂಗಳೂರಿಂದ ಬರೋದಾದ್ರೆ ಉಜಿರೆ, ಚಾರ್ಮಾಡಿ ಘಾಟಿ, ಕೊಟ್ಟಿಗೆಹಾರ, ಮೂಡಿಗೆರೆ. ಚೆಂದದ ದಾರಿ, ಆದ್ರೆ ಮಳೆಗಾಲದಲ್ಲಿ ನಂಬೋ ಹಾಗಿಲ್ಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆನೇ ಬಂದ್ ಆಗಿತ್ತು. ಹೊರದೇಶದಿಂದ ಬರೋ ಹೆಚ್ಚಿನವರು ಇಳಿಯೋದು ಬೆಂಗಳೂರಲ್ಲಿ, ಅಂದ್ರೆ ದೇವನಹಳ್ಳಿ ಪಕ್ಕದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಹೆಬ್ಬಾಳ, ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಚಿಕ್ಕಮಗಳೂರು. ಹೆಚ್ಚುಕಡಿಮೆ 275 ಕಿಲೋಮೀಟರ್. ತಿಂಡಿ ಕಾಫಿಗೆ ನಿಲ್ಸಿದ್ರೆ ಆರು ಗಂಟೆ ಹಿಡಿಯುತ್ತೆ. ತೋಟದ ದಾರಿ ಬೇರೆ ಲೆಕ್ಕ.

ನಾನು ಬಿ.ಕಾಂ ಓದಿದವನು. ಎಕ್ಸೆಲ್ ಶೀಟ್ ತೆಗೆದೆ. ನಾಲ್ಕು ಕೊಟೇಶನ್ ಬಂತು. 9,000, 8,500, 6,200, ಕೊನೇದು 5,500.

5,500ರದ್ದು ವೈಟ್ ಬೋರ್ಡ್ ಕಾರು. ಅದನ್ನ ಆಗಲೇ ಬೇಡ ಅಂದೆ. ಬಿಳಿ ನಂಬರ್ ಪ್ಲೇಟ್ ಅಂದ್ರೆ ಸ್ವಂತ ಬಳಕೆಯ ಗಾಡಿ. ಬಾಡಿಗೆಗೆ ಓಡಿಸೋಕೆ ಅದಕ್ಕೆ ಪರ್ಮಿಟ್ ಇರಲ್ಲ. ದಾರಿಯಲ್ಲಿ ಆರ್‌ಟಿಒದವರು ಹಿಡಿದ್ರೆ ಗಾಡಿ ಅಲ್ಲೇ ನಿಲ್ಲುತ್ತೆ, ಲಗೇಜ್ ಸಮೇತ ನೀವು ರಸ್ತೆಯಲ್ಲಿ. ಅದಕ್ಕಿಂತ ದೊಡ್ಡ ವಿಷಯ ಇನ್ಶೂರೆನ್ಸ್. ಸ್ವಂತ ಬಳಕೆಯ ಪಾಲಿಸಿ ಇರೋ ಗಾಡಿಯನ್ನ ಬಾಡಿಗೆಗೆ ಓಡಿಸಿ ಅಪಘಾತ ಆದ್ರೆ, ವಿಮಾ ಕಂಪನಿ ಕ್ಲೇಮ್‌ಗೆ ತಕರಾರು ತೆಗೆಯೋಕೆ ಅಷ್ಟೇ ಸಾಕು. ಸಾವಿರ ಎರಡು ಸಾವಿರ ಉಳಿಸೋಕೆ ಹೋಗಿ ಲಕ್ಷಗಳ ಮಾತಾಗುತ್ತೆ.

ಹಾಗಾಗಿ 6,200ರ ಯೆಲ್ಲೋ ಬೋರ್ಡ್ ಸೆಡಾನ್ ಹಿಡಿದೆ. ಟೋಲು, ಬಾಟಾ ಎಲ್ಲ ಸೇರಿ. ಒಬ್ಬ ಏಜೆಂಟ್ ಮಾಡಿಕೊಟ್ಟ ಬುಕಿಂಗ್. ಗಾಡಿ ನಂಬರ್ ಮೊದಲೇ ಈಸ್ಕೊಂಡು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಎಫ್‌ಸಿ ಇದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಮಿಕ್ಕ ಇಬ್ಬರಿಗಿಂತ ಎರಡು ಸಾವಿರದ ಮೇಲೆ ಉಳೀತು. ನನ್ನ ಬೆನ್ನು ನಾನೇ ತಟ್ಕೊಂಡೆ.

ಫ್ಲೈಟ್ ಸರಿಯಾಗಿ ಬಂತು. ಇಮಿಗ್ರೇಶನ್, ಲಗೇಜ್ ಎಲ್ಲ ಮುಗಿಸಿ ಟರ್ಮಿನಲ್ 2ರಿಂದ ಹೊರಟಾಗ ನಾಲ್ಕೂ ಕಾಲು. ಡ್ರೈವರ್ ಅಣ್ಣ ಒಳ್ಳೆಯ ಮನುಷ್ಯ. ಮೂರು ಗಂಟೆಗೇ ಬಂದು ಕಾದಿದ್ರು, ಪೆಟ್ಟಿಗೆ ತಾವೇ ಎತ್ತಿ ಡಿಕ್ಕಿಗೆ ಇಟ್ರು, ಮಗುಗೆ ಎಸಿ ಜಾಸ್ತಿ ಆಯ್ತಾ ಅಂತ ಕೇಳಿದ್ರು. ನಾನು ಮುಂದೆ ಕೂತೆ. ಹಿಂದೆ ಅಕ್ಕ, ಭಾವ, ಅಕ್ಕನ ತೊಡೆ ಮೇಲೆ ಮಗು. ನೆಲಮಂಗಲ ದಾಟೋ ಹೊತ್ತಿಗೆ ಹಿಂದಿನವರೆಲ್ಲ ನಿದ್ದೆ. ನಾನೂ ಮೊಬೈಲ್ ನೋಡ್ತಾ ನೋಡ್ತಾ ತೂಕಡಿಸ್ತಿದ್ದೆ.

ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆ ಹತ್ರ, ಆರೂವರೆ ಇರಬೇಕು. ಬೆಳಕು ಹರಿದಿತ್ತು. ಟಯರಿನ ಕೆಳಗಿಂದ ಗರ್‌ರ್ ಅಂತ ಸದ್ದು ಬಂತು. ಕಾರು ರಸ್ತೆ ಅಂಚಿನ ಬಿಳಿ ಗೆರೆ ದಾಟಿ ಮಣ್ಣಿಗೆ ಇಳೀತಾ ಇತ್ತು. ಎದುರುಗಡೆ ಪಕ್ಕದಲ್ಲಿ ಒಂದು ಲಾರಿ ನಿಂತಿತ್ತು. ನಾನು ಪಕ್ಕಕ್ಕೆ ತಿರುಗಿದೆ. ಅವರ ಕಣ್ಣು ಮುಚ್ಚಿತ್ತು. ಸ್ಟೀರಿಂಗ್ ಮೇಲೆ ಕೈ ಹಾಗೇ ಇತ್ತು.

"ಅಣ್ಣಾ!" ಅಂತ ಕೂಗಿ ಭುಜ ಹಿಡಿದೆ. ಅವರು ಬೆಚ್ಚಿ ಬಲಕ್ಕೆ ಎಳೆದ್ರು. ಲಾರಿ ಪಕ್ಕದಲ್ಲೇ ಹೋದ್ವಿ. ಎಷ್ಟು ಪಕ್ಕ ಅಂದ್ರೆ, ಅದರ ಹಿಂದೆ ಬರೆದಿದ್ದ ಸಾಲು ಇವತ್ತಿಗೂ ನನಗೆ ನೆನಪಿದೆ. ಮಗು ಎದ್ದು ಅಳೋಕೆ ಶುರು ಮಾಡ್ತು. ಅಕ್ಕ "ಏನಾಯ್ತೋ?" ಅಂದ್ಲು. ನನ್ನ ಬಾಯಿಂದ ಬಂದಿದ್ದು "ಏನಿಲ್ಲ, ಹಂಪ್ಸು" ಅನ್ನೋ ಸುಳ್ಳು.

ಮುಂದೆ ಸಿಕ್ಕಿದ ಹೋಟೆಲ್ ಹತ್ರ ನಿಲ್ಸಿ ಅಂದೆ. ಅಕ್ಕ ಭಾವ ಇಡ್ಲಿ ತಿನ್ನೋಕೆ ಒಳಗೆ ಹೋದ್ರು. ನಾನು, ಆ ಅಣ್ಣ ಹೊರಗೆ ಟೀ ಹಿಡ್ಕೊಂಡು ನಿಂತ್ವಿ. ನಾನು ಜಗಳಕ್ಕೆ ರೆಡಿಯಾಗಿದ್ದೆ. ಏಜೆಂಟ್‌ಗೆ ಫೋನ್ ಮಾಡ್ಬೇಕು, ದುಡ್ಡು ಕಟ್ ಮಾಡ್ಬೇಕು ಅಂತೆಲ್ಲ ತಲೆಯಲ್ಲಿ ಓಡ್ತಿತ್ತು. ಅವರು ಮುಖ ತೊಳ್ಕೊಂಡು ಬಂದು, "ತಪ್ಪಾಯ್ತು ಸಾರ್. ಮಗು ಇತ್ತು, ನಾನು ಹೇಳ್ಬೇಕಿತ್ತು" ಅಂದ್ರು.

"ಯಾವಾಗ ಮಲಗಿದ್ರಿ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದ್ರು. ಹಿಂದಿನ ದಿನ ಬೆಳಿಗ್ಗೆ ಐದಕ್ಕೆ ತಿರುಪತಿ ಬಿಟ್ಟಿದ್ದು. ಮಧ್ಯಾಹ್ನ ಬೆಂಗಳೂರು ಒಳಗೆ ಎರಡು ಟ್ರಿಪ್. ರಾತ್ರಿ ಏರ್‌ಪೋರ್ಟ್ ಡ್ರಾಪ್ ಒಂದು. ಆಮೇಲೆ ಕಾರಲ್ಲೇ ಒಂದೂವರೆ ಗಂಟೆ ಕಣ್ಣು ಮುಚ್ಚಿದ್ದು.

ಆಗ ನನ್ನ ಬಿ.ಕಾಂ ತಲೆ ಕೆಲಸ ಮಾಡೋಕೆ ಶುರು ಮಾಡ್ತು. ಅಲ್ಲೇ ನಿಂತು ಲೆಕ್ಕ ಕೇಳಿದೆ, ಅವರು ಹೇಳ್ತಾ ಹೋದ್ರು. ನಾವು ಹೋಗೋದು 275 ಕಿಲೋಮೀಟರ್, ಆದ್ರೆ ಕಾರು ಖಾಲಿ ವಾಪಸ್ ಬರ್ಬೇಕಲ್ಲ. ಅಲ್ಲಿಗೆ 550. ಲೀಟರಿಗೆ 18 ಅಂದ್ರೂ ಡೀಸೆಲ್ಲಿಗೆ 2,750. ಎರಡೂ ಕಡೆ ಟೋಲು 800 ಹತ್ರ. ಏಜೆಂಟ್ ಕಮಿಷನ್ 900. 6,200ರಲ್ಲಿ ಇಷ್ಟು ಕಳೆದ್ರೆ ಉಳಿಯೋದು 1,750. ಕಾರಿನ ಸಾಲದ ಕಂತು ತಿಂಗಳಿಗೆ 16,500, ಅಂದ್ರೆ ದಿನಕ್ಕೆ 550. ನಮ್ಮ ಟ್ರಿಪ್ ಎರಡು ದಿನ ತಿನ್ನುತ್ತೆ, 1,100 ಹೋಯ್ತು. ಕೊನೆಗೆ ಕೈಯಲ್ಲಿ 650 ರೂಪಾಯಿ. ಅದರಲ್ಲೇ ಊಟ, ಅದರಲ್ಲೇ ಟಯರು, ಸರ್ವೀಸು.

"ಮಲ್ಕೊಂಡು ಬರೋಣ ಅಂದ್ರೆ ಮುಂದಿನ ಬಾಡಿಗೆ ಹೋಗುತ್ತೆ ಸಾರ್," ಅಂದ್ರು. ಅಷ್ಟೇ. ದೂರು ಹೇಳೋ ದನಿ ಕೂಡ ಇರಲಿಲ್ಲ.

ನನ್ನ ಎಕ್ಸೆಲ್ ಶೀಟಲ್ಲಿ ಉಳಿದಿದ್ದ ಎರಡು ಸಾವಿರ ಎಲ್ಲಿಂದ ಬಂದಿತ್ತು ಅಂತ ನನಗೆ ಆಗ ಗೊತ್ತಾಯ್ತು. ಅದು ಈ ಮನುಷ್ಯನ ನಿದ್ದೆಯಿಂದ ಬಂದಿತ್ತು. ಆ ನಿದ್ದೆ ಕೆಟ್ಟ ಕಾರಲ್ಲಿ ನಾನು ಅಕ್ಕನ ಮಗಳನ್ನ ಕೂರಿಸಿದ್ದೆ.

ನೋಡಿ, ಚಾಲಕರ ಕೆಲಸದ ಅವಧಿಗೆ ಮಿತಿ ಇರಬೇಕು ಅನ್ನೋದು ಹೊಸ ಮಾತೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿದ್ರು. 5 ಗಂಟೆ ಕೆಲಸ ಆದ್ಮೇಲೆ ಅರ್ಧ ಗಂಟೆ ಬಿಡುವು. ಆದ್ರೆ ಅದು ಐದೋ ಹೆಚ್ಚೋ ಕೆಲಸಗಾರರಿರೋ ಸಂಸ್ಥೆಗಳಿಗೆ ಅಂತ ಮಾಡಿದ್ದು. ಸಾಲ ಮಾಡಿ ಒಂದು ಕಾರು ತಗೊಂಡು ತಾನೇ ಓಡಿಸೋನ ಗಂಟೆಗಳನ್ನ ಎಣಿಸೋರು ಯಾರು? ಬಾಡಿಗೆ ಕೊಡೋ ನಾವು ಕೇಳ್ಬೇಕು. ನಾನು ಕೇಳಿರಲಿಲ್ಲ.

ಅವತ್ತು ಏನು ಮಾಡಿದ್ವಿ ಅಂದ್ರೆ, ಅಕ್ಕನಿಗೆ ನಿಜ ಹೇಳಿದೆ. ಅವಳು ನನ್ನನ್ನ ಒಂದು ಸಲ ನೋಡಿದ ನೋಟ ಇದೆಯಲ್ಲ, ಅದನ್ನ ವಿವರಿಸಲ್ಲ. ಆಮೇಲೆ ಅವಳೇ ಅವರಿಗೆ, "ಅಣ್ಣ, ನೀವು ಮಲ್ಕೊಳ್ಳಿ. ನಮಗೇನೂ ಅರ್ಜೆಂಟ್ ಇಲ್ಲ" ಅಂದ್ಲು. ಅವರು ಸೀಟು ಹಿಂದಕ್ಕೆ ಮಾಡಿ ಎರಡು ಗಂಟೆ ಮಲಗಿದ್ರು. ನಾವು ಹೋಟೆಲ್ ಮುಂದಿನ ಮರದ ಕೆಳಗೆ ಮಗುವನ್ನ ಆಡಿಸ್ತಾ ಕೂತ್ವಿ. ರೆಸಾರ್ಟ್ ಮುಟ್ಟಿದಾಗ ಮಧ್ಯಾಹ್ನ. ಅಮ್ಮ ಮಾಡಿಸಿದ್ದ ಪಾಯಸ ಆರಿ ತಣ್ಣಗಾಗಿತ್ತು.

ಅಲ್ಲಿ ಇನ್ನೊಂದು ಸಂಗತಿ. ಡ್ರೈವರ್‌ಗೆ ಮಲಗೋಕೆ ಜಾಗ ಇದೆಯಾ ಅಂತ ರಿಸೆಪ್ಶನ್‌ನಲ್ಲಿ ಕೇಳಿದೆ. "ಇಲ್ಲ ಸಾರ್, ಡ್ರೈವರ್ಸ್ ಕಾರಲ್ಲೇ ಇರ್ತಾರೆ" ಅಂದ್ರು. ನೀವು ದಿನಕ್ಕೆ ಅಷ್ಟೊಂದು ಕೊಟ್ಟು ಉಳ್ಕೊಳ್ಳೋ ಜಾಗದಲ್ಲಿ, ನಿಮ್ಮನ್ನ ಘಾಟಿ ಹತ್ತಿಸಿದವರಿಗೆ ಒಂದು ಚಾಪೆಗೂ ಜಾಗ ಇರಲ್ಲ. ಅಪ್ಪ ಮ್ಯಾನೇಜರ್ ಹತ್ರ ಮಾತಾಡಿ ಜೀಪಿನವರು ಇರೋ ರೂಮಲ್ಲಿ ಒಂದು ಮಂಚ ಕೊಡಿಸಿದ್ರು. ಆ ಅಣ್ಣ ಊಟ ಮಾಡಿ ಸಂಜೆವರೆಗೂ ಮಲಗಿ ಹೊರಟ್ರು. ಮಾತಾಡಿದ್ದಕ್ಕಿಂತ ಎರಡು ಸಾವಿರ ಜಾಸ್ತಿ ಕೊಟ್ಟೆ. ಅದನ್ನ ದೊಡ್ಡತನ ಅಂತ ಹೇಳ್ತಿಲ್ಲ. ಮೊದಲೇ ಕೊಡ್ಬೇಕಿದ್ದ ರೇಟು ಅದು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬುಕ್ ಮಾಡೋವಾಗ ನಾನು ಈಗ ಏನೇನು ಕೇಳ್ತೀನಿ ಅಂತ ಹೇಳ್ತೀನಿ, ಬೇಕಾದ್ರೆ ನೋಟ್ ಮಾಡ್ಕೊಳ್ಳಿ.

ಒಂದು, ಒಟ್ಟು ಮೊತ್ತ. ಏರ್‌ಪೋರ್ಟ್ ಬಿಟ್ಟ ಕೂಡ್ಲೇ ಸಾದಹಳ್ಳಿ ಟೋಲ್ ಬರುತ್ತೆ, ಹಾಸನ ಹೆದ್ದಾರಿಯಲ್ಲಿ ಇನ್ನೂ ಬರುತ್ತೆ. ಟೋಲು, ಪಾರ್ಕಿಂಗ್, ಬಾಟಾ, ನೈಟ್ ಚಾರ್ಜ್, ಜಿಎಸ್‌ಟಿ ಒಳಗೋ ಹೊರಗೋ? ಕಿಲೋಮೀಟರ್ ಲೆಕ್ಕ ಆದ್ರೆ ಎಲ್ಲಿಂದ ಎಲ್ಲಿಗೆ? ಕೆಲವರು ಗಾಡಿ ಶೆಡ್ ಬಿಟ್ಟಾಗಿಂದ ಮತ್ತೆ ಶೆಡ್ ಸೇರೋವರೆಗೂ ಎಣಿಸ್ತಾರೆ. ಫೋನಲ್ಲಿ ಮಾತಾಡಿ ಬಿಡಬೇಡಿ. ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸ್ಕೊಳ್ಳಿ.

ಎರಡು, ಗಾಡಿ ನಂಬರ್ ಹಿಂದಿನ ದಿನವೇ ತಗೊಳ್ಳಿ. ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ. ಎಲೆಕ್ಟ್ರಿಕ್ ಟ್ಯಾಕ್ಸಿ ಆದ್ರೆ ಹಸಿರು ಪ್ಲೇಟ್ ಮೇಲೆ ಹಳದಿ ಅಕ್ಷರ. ಬಂದ ಗಾಡಿ ಬೇರೆಯಾದ್ರೆ ಹತ್ತೋ ಮೊದಲು ಏಜೆಂಟ್‌ಗೆ ಫೋನ್ ಮಾಡಿ.

ಮೂರು, ಫ್ಲೈಟ್ ತಡ ಆದ್ರೆ? ಫ್ಲೈಟ್ ನಂಬರ್ ಕೊಡಿ, ವೇಟಿಂಗ್ ಚಾರ್ಜ್ ಯಾವಾಗಿಂದ ಶುರು ಅಂತ ಕೇಳಿ. ವಿಮಾನ ಇಳಿದ ಮೇಲೆ ನೀವು ಹೊರಗೆ ಬರೋಕೆ ಒಂದು ಗಂಟೆ ಬೇಕೇ ಬೇಕು.

ನಾಲ್ಕು, ಕೊನೆಯ ನಾಲ್ಕೈದು ಕಿಲೋಮೀಟರ್. ಇದನ್ನ ರೆಸಾರ್ಟಿನವರಿಗೆ ಫೋನ್ ಮಾಡಿ ಕೇಳಿ. ತೋಟದೊಳಗೆ ಸೆಡಾನ್ ಹೋಗುತ್ತಾ, ಇಲ್ಲ ಜೀಪ್ ಕಳಿಸ್ತಾರಾ? ಜೀಪಿಗೆ ಬೇರೆ ದುಡ್ಡಾ? ನೆಟ್‌ವರ್ಕ್ ಎಲ್ಲಿವರೆಗೆ ಸಿಗುತ್ತೆ? ಸಾಧ್ಯವಾದ್ರೆ ಬೆಳಕಿರೋವಾಗಲೇ ಬೆಟ್ಟ ಹತ್ತಿ. ಮಂಜು ಇರುತ್ತೆ. ಬೇಲೂರು ಕಡೆ ಕಾಡಾನೆ ಓಡಾಟವೂ ಇದೆ.

ಐದು, ಇದೇ ಮುಖ್ಯ. "ಡ್ರೈವರ್ ಈ ಟ್ರಿಪ್‌ಗೆ ಮೊದಲು ಎಷ್ಟು ಹೊತ್ತು ಮಲಗಿರ್ತಾರೆ? ಬಿಟ್ಟ ಮೇಲೆ ಎಲ್ಲಿ ಮಲಗ್ತಾರೆ?" ಮೊದಲ ಸಲ ಕೇಳಿದಾಗ ಏಜೆಂಟ್ ನಕ್ಕ. ಎರಡನೇ ಸಲ ಬೇರೆ ಒಬ್ಬರು, "ಹಾಗಾದ್ರೆ ಇವನು ಬೇಡ, ರೆಸ್ಟ್ ಆಗಿರೋರನ್ನ ಕಳಿಸ್ತೀನಿ" ಅಂದ್ರು. ನೋಡಿ, ಕೇಳಿದ್ದಕ್ಕೆ ಗಾಡಿನೇ ಬದಲಾಯ್ತು. ರೂಮ್ ಬುಕ್ ಮಾಡೋವಾಗಲೂ ಡ್ರೈವರ್‌ಗೆ ಜಾಗ ಇದೆಯಾ ಅಂತ ಕೇಳಿ. ನಾವು ಹತ್ತು ಜನ ಕೇಳಿದ್ರೆ ಹನ್ನೊಂದನೆಯವರಿಗೆ ಆ ರೂಮ್ ಇರಬಹುದು.

ಇನ್ನೊಂದು. ಬೆಳಗಿನ ಜಾವ 3ಕ್ಕೆ ಇಳಿಯೋ ಫ್ಲೈಟ್ ಆದ್ರೆ, ಅಲ್ಲಿಂದಲೇ ಬೆಟ್ಟಕ್ಕೆ ಹೊರಡಬೇಡಿ. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಯಾರಿಗಾದ್ರೂ ನಿದ್ದೆ ಒತ್ತಿ ಬರೋ ಹೊತ್ತು. ಏರ್‌ಪೋರ್ಟ್ ಹತ್ರವೇ ಒಂದು ರೂಮ್ ಮಾಡಿ, ಮಲಗಿ, ಏಳು ಎಂಟಕ್ಕೆ ಹೊರಡಿ. ನಾನು ಆ ಒಂದು ರೂಮಿನ ದುಡ್ಡು ಉಳಿಸೋಕೆ ಹೋಗಿದ್ದು. ದಾರಿಯಲ್ಲಿ ಏನಾದ್ರೂ ಆದ್ರೆ ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಮುಂದೆ ಕೂತವರು ನಿದ್ದೆ ಮಾಡಬೇಡಿ. ಡ್ರೈವರ್ ಆಕಳಿಸ್ತಿದ್ರೆ, ಮತ್ತೆ ಮತ್ತೆ ಮುಖ ಉಜ್ಕೊಳ್ತಿದ್ರೆ, ಮುಜುಗರ ಇಲ್ಲದೆ "ಅಣ್ಣ, ಟೀ ಕುಡಿಯೋಣ" ಅನ್ನಿ. ಟೀಯಿಂದ ಆಗಲಿಲ್ಲ ಅಂದ್ರೆ ಮಲಗೋಕೆ ಬಿಡಿ.

ಎಷ್ಟಾಗುತ್ತೆ ಅಂತ ಕೇಳಿದ್ರಲ್ಲ? ನಾನು ಆಮೇಲೆ ಅದೇ ದಾರಿಗೆ 8,800 ಕೊಟ್ಟು ಹೋಗಿ ಬಂದಿದ್ದೀನಿ. ಅಷ್ಟು ಕೈಗೆ ಎಟುಕಲ್ಲ ಅಂದ್ರೆ ಮೆಜೆಸ್ಟಿಕ್‌ನಿಂದ ಚಿಕ್ಕಮಗಳೂರಿಗೆ ಕೆಎಸ್‌ಆರ್‌ಟಿಸಿ ಬಸ್ ಇದೆ, ಆರಾಮಾಗಿ ಹೋಗಿ. ಆ ಡ್ರೈವರ್ ಅಣ್ಣನ ನಂಬರ್ ಇನ್ನೂ ನನ್ನ ಫೋನಲ್ಲಿದೆ. ಈಗ ಬಾಡಿಗೆ ಇದ್ದಾಗ ನಡುವೆ ಏಜೆಂಟ್ ಇಲ್ಲದೆ ಅವರಿಗೇ ಫೋನ್ ಮಾಡ್ತೀನಿ. "ಸಾರ್, ನಾಳೆ ಬೇಡ, ಇವತ್ತು ರಾತ್ರಿ ಗಾಡಿ ಓಡಿಸಿದ್ದೀನಿ" ಅಂತ ಅವರೇ ಹೇಳ್ತಾರೆ. ನಾನು ಸರಿ ಅಣ್ಣ, ನಾಡಿದ್ದು ಹೋಗೋಣ ಅಂತೀನಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಯಾರಾದ್ರೂ ಟ್ರಿಪ್ ಪ್ಲ್ಯಾನ್ ಮಾಡ್ತಿದ್ರೆ ಇದನ್ನ ಅವರಿಗೆ ಕಳಿಸಿ. ನೀವೇ ಗಾಡಿ ಓಡಿಸೋರಾಗಿದ್ರೆ, ನಾನು ಹೇಳಿದ ಲೆಕ್ಕದಲ್ಲಿ ತಪ್ಪಿದ್ರೆ ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಓದಿ ಹೇಳ್ತೀನಿ. ಹುಷಾರಾಗಿ ಹೋಗಿ ಬನ್ನಿ. ನಮಸ್ಕಾರ.