ಕುಂಡದ ಗಿಡ ಯಾಕೆ ಹಳದಿ ಆಯ್ತು?



ನಾವು ಕೋಲಾರದ ಕಡೆಯ ಒಂದು ಮಹಿಳಾ ಸಂಘದವರು. ಹದಿನಾಲ್ಕು ಜನ ಇದ್ದೀವಿ. ಗಿಡ ಬೆಳೆಸಿ ಮಾರುತ್ತೀವಿ. ನಮಗೆ ಭಾಷಣ ಮಾಡೋಕೆ ಬರೋದಿಲ್ಲ. ನಮ್ಮ ಗಿಡಗಳ ಕತೆ ಹೇಳ್ತೀವಿ. ಕೇಳಿ.

ಬೆಂಗಳೂರಿನ ಮನೆಗಳ ಬಾಗಿಲಲ್ಲಿ ತೂಜಾ ಗಿಡ ನೋಡಿರಬಹುದು. ಹಸಿರು ಬೀಸಣಿಗೆ ಜೋಡಿಸಿ ಇಟ್ಟ ಹಾಗೆ ಇರುತ್ತೆ. ಕ್ರಿಸ್‌ಮಸ್ ಗಿಡ ಅಂತ ಇನ್ನೊಂದು ಇದೆ. ಅದರ ಕೊಂಬೆಗಳು ಅಂತಸ್ತು ಅಂತಸ್ತಾಗಿ ಬರುತ್ತವೆ. ಲಾಲ್‌ಬಾಗಿನಲ್ಲಿ ಆ ಜಾತಿಯ ಎತ್ತರದ ಹಳೇ ಮರಗಳಿವೆ. ಪುಸ್ತಕದಲ್ಲಿ ಇವನ್ನು ಸೂಚಿಪರ್ಣಿ ಅಂತಾರೆ. ಸೂಜಿ ಎಲೆಯ ಮರ ಅಂತ ಅರ್ಥ. ತೂಜಾದ ಎಲೆ ಸೂಜಿ ಹಾಗಿಲ್ಲ, ಮೀನಿನ ಹುರುಪೆ ಹಾಗಿದೆ. ಆದರೂ ಅದು ಇದೇ ಕುಲದ್ದು.

ಈ ಗಿಡಕ್ಕೆ ಒಳ್ಳೇ ಬೆಲೆ ಇದೆ ಅಂತ ಕೇಳಿದೆವು. ಸಂಘದಲ್ಲಿ ಸಾಲ ತೆಗೆದು 60 ತೂಜಾ ಸಸಿ ತಂದೆವು. ಕುಂಡಕ್ಕೆ ಹಾಕಿದೆವು. ಎರಡು ತಿಂಗಳಿಗೆ ಗಿಡ ಹಳದಿ ತಿರುಗಿತು. ಎದೆ ಧಸಕ್ಕೆಂದಿತು. ಒಬ್ಬಳು "ನೀರು ಸಾಲದು" ಅಂದಳು. ಎರಡು ಹೊತ್ತೂ ನೀರು ಹಾಕಿದೆವು. ಇನ್ನೊಬ್ಬಳು "ಗೊಬ್ಬರ ಸಾಲದು" ಅಂದಳು. ಒಂದೊಂದು ಹಿಡಿ ಯೂರಿಯಾ ಹಾಕಿದೆವು. ಹಳದಿ ಹೋಗಿ ಕಂದು ಆಯ್ತು. 23 ಗಿಡ ಸತ್ತವು. ಸಾಲದ ಕಂತು ಮಾತ್ರ ಸಾಯಲಿಲ್ಲ.

ನಮ್ಮ ಸಂಘದಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. ಅವರು ಒಂದು ಸತ್ತ ಗಿಡದ ಕುಂಡ ಬೋರಲು ಹಾಕಿ ತಟ್ಟಿದರು. ಮಣ್ಣಿನ ಮುದ್ದೆ ಹೊರಗೆ ಬಂತು. ಕೆಟ್ಟ ವಾಸನೆ! ಬೇರು ಕಪ್ಪಗಿತ್ತು. ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂತು. ನಾವು ಹಾಕಿದ್ದು ಬರೀ ಕೆರೆ ಗೋಡು. ಅದು ತಳದ ತೂತು ಮುಚ್ಚಿಬಿಟ್ಟಿತ್ತು. ನೀರು ಒಳಗೇ ನಿಂತಿತ್ತು.

ಬೇರಿಗೂ ಉಸಿರು ಬೇಕು, ಅಕ್ಕ. ನೀರು ನಿಂತರೆ ಬೇರು ಕೊಳೆಯುತ್ತೆ. ಕೊಳೆತ ಬೇರು ನೀರು ಕುಡಿಯಲಾರದು. ಆಗ ಗಿಡ ಬಾಯಾರಿದ ಹಾಗೆ ಕಾಣುತ್ತೆ. ಪಾಪ ಅಂತ ನಾವು ಇನ್ನಷ್ಟು ನೀರು ಸುರೀತೀವಿ. ಉಳಿದಿದ್ದ ಬೇರನ್ನು ಯೂರಿಯಾ ಸುಟ್ಟಿತು. ಗಿಡ ಕೊಂದವರು ನಾವೇ.

ಮಿಕ್ಕ 37 ಗಿಡಗಳನ್ನೂ ಹೊರಗೆ ತೆಗೆದು ನೋಡಿದೆವು. ಒಳ್ಳೇ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತೆ. ಕೊಳೆತ ಬೇರನ್ನು ಕತ್ತರಿಸಿದೆವು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮ ಸಮ ಬೆರೆಸಿದೆವು. ತಳದ ತೂತಿನ ಮೇಲೆ ಹೆಂಚಿನ ಚೂರು ಬೋರಲು ಇಟ್ಟೆವು. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಕೂರಿಸಿದೆವು. ಎರಡು ವಾರ ನೆರಳಲ್ಲಿ ಇಟ್ಟೆವು. ಹೊಸ ಚಿಗುರು ಬರೋ ತನಕ ಬೇರೆ ಗೊಬ್ಬರ ಹಾಕಲಿಲ್ಲ. ಈಗ ನೀರು ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸ್ತೀವಿ. ತೇವ ತಗುಲಿದರೆ ಆ ದಿನ ನೀರಿಲ್ಲ.

ಎಲ್ಲಾ ಹಳದಿಯೂ ನೀರಿನದ್ದೇ ಅಲ್ಲ. ಗೋಡೆ ಪಕ್ಕದ ಕೆಲವು ಗಿಡಗಳ ಬೇರು ಚೆನ್ನಾಗಿಯೇ ಇತ್ತು. ಎಲೆ ಮಾತ್ರ ಧೂಳು ಬಿದ್ದ ಹಾಗೆ ಚುಕ್ಕಿ ಚುಕ್ಕಿ ಹಳದಿ. ಕೊಂಬೆ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದೆವು. ಹಾಳೆ ಮೇಲೆ ಸಣ್ಣ ಚುಕ್ಕಿಗಳು ಬಿದ್ದವು. ನೋಡ್ತಾ ಇದ್ದ ಹಾಗೆ ಚುಕ್ಕಿಗಳು ನಡೆದವು! ಅದು ನುಸಿ. ರಸ ಹೀರುತ್ತೆ. ಒಣ ಬೇಸಿಗೆಯಲ್ಲಿ, ಕಾದ ಗೋಡೆ ಪಕ್ಕ ಬೇಗ ಹೆಚ್ಚುತ್ತೆ. ಮೊದಲು ಎಲೆಯ ಅಡಿಗೆಲ್ಲಾ ಜೋರಾಗಿ ನೀರು ಹೊಡೆದು ತೊಳೆದೆವು. ಆಮೇಲೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿದೆವು. ವಾರ ಬಿಟ್ಟು ಮತ್ತೆ ಸಿಂಪಡಿಸಿದೆವು. ಒಬ್ಬಳು ಅಂದಾಜಲ್ಲಿ ಎಣ್ಣೆ ಸುರಿದು, ಉರಿ ಬಿಸಿಲಲ್ಲಿ ಹೊಡೆದಳು. ಎಲೆ ಸುಟ್ಟುಹೋಯ್ತು. ಈಗ ಬಾಟಲಿ ಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದದೆ ಯಾರೂ ಮುಚ್ಚಳ ತೆಗೆಯೋ ಹಾಗಿಲ್ಲ.

ಹೊಸ ತುದಿ ಮಾತ್ರ ಬಿಳಿಚಿಕೊಂಡರೆ? ನಮ್ಮ ಬೋರ್‌ವೆಲ್ ನೀರು ಗಡುಸು. ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತಲ್ಲ, ಅದು ಸುಣ್ಣ. ಸುಣ್ಣ ಜಾಸ್ತಿ ಆದರೆ ಮಣ್ಣಲ್ಲಿರೋ ಕಬ್ಬಿಣದ ಅಂಶ ಬೇರಿಗೆ ಸಿಗೋದಿಲ್ಲ. ರಕ್ತ ಕಮ್ಮಿ ಆದಾಗ ನಮ್ಮ ಮುಖ ಬಿಳಿಚಿಕೊಳ್ಳುತ್ತಲ್ಲ, ಹಾಗೇ. ಅದಕ್ಕೆ ಮಳೆ ನೀರು ಹಿಡಿದಿಟ್ಟು ಹಾಕ್ತೀವಿ. ಕಳಿತ ಗೊಬ್ಬರವನ್ನೂ ಕೊಡ್ತೀವಿ.

ಗಿಡದ ಒಳಗಡೆ, ಕಾಂಡದ ಹತ್ತಿರದ ಹಳೇ ಎಲೆ ಮಾತ್ರ ಹಳದಿ ಆಗಿ ಉದುರಿದರೆ ಹೆದರಬೇಡಿ. ಅದು ವಯಸ್ಸಿನದ್ದು. ಬುಡದಲ್ಲಿ ಒಂದೇ ಕಡೆ ಕಂದು ಆಗಿದ್ದರೆ ಬೀದಿ ನಾಯಿ ಮೇಲೂ ಒಂದು ಕಣ್ಣಿಡಿ. ನಗಬೇಡಿ, ನಮ್ಮ ಬಾಗಿಲ ಗಿಡಕ್ಕೆ ಆಗಿದ್ದೇ ಅದು.

ದಾಸವಾಳ ಒಣಗಿದರೂ ಬುಡಕ್ಕೆ ಕಡಿದರೆ ಮತ್ತೆ ಚಿಗುರುತ್ತೆ. ತೂಜಾ ಹಾಗಲ್ಲ. ಎಲೆ ಪೂರಾ ಒಣಗಿದ ಕೊಂಬೆ ಮತ್ತೆ ಹಸಿರಾಗೋದಿಲ್ಲ. ಕ್ರಿಸ್‌ಮಸ್ ಗಿಡದ ಕೆಳಗಿನ ಅಂತಸ್ತು ಉದುರಿದರೆ ಆ ಜಾಗ ಬೋಳೇ. ಅಂಥಾ ಗಿಡವನ್ನು ಕೊಳ್ಳುವವರಿಲ್ಲ. ಅದಕ್ಕೇ ನಾವು ಪ್ರತಿ ಸೋಮವಾರ ಕುಂಡ ಕುಂಡ ನೋಡ್ತೀವಿ. ಯಾವ ಗಿಡ, ಎಲ್ಲಿ ಹಳದಿ, ಯಾವತ್ತು ನೀರು ಹಾಕಿದೆವು ಅಂತ ನೋಟ್‌ಬುಕ್ಕಲ್ಲಿ ಬರೀತೀವಿ.

ಆ 37ರಲ್ಲಿ ಇನ್ನೂ 8 ಹೋದವು. 29 ಉಳಿದವು. ಅವನ್ನು ಮಾರಿ ಸಾಲ ತೀರಿಸಿದೆವು. ಲಾಭ ಏನೂ ಉಳಿಯಲಿಲ್ಲ. ಈ ವರ್ಷ ಮತ್ತೆ 40 ಸಸಿ ತಂದಿದ್ದೀವಿ.

ಅದರಲ್ಲಿ ಒಂದು ಕುಂಡ ಇಲ್ಲಿಗೆ ತಂದಿದ್ದೀವಿ. ನೋಡಿ, ಮೇಲುಗಡೆ ಸ್ವಲ್ಪ ಹಳದಿ ಆಗಿದೆ. ಯಾಕೆ ಅಂತ ನಮಗೂ ಇನ್ನೂ ಗೊತ್ತಿಲ್ಲ. ಎಲ್ಲರೂ ಹತ್ತಿರ ಬನ್ನಿ. ಯಾರಾದರೂ ಒಂದು ಬಿಳಿ ಹಾಳೆ ಕೊಡಿ.