ಚಳಿಗಾಲದಲ್ಲಿ ಪಾಳೂರುಗಳ ಕಡೆಗೆ



ಹುಬ್ಬಳ್ಳಿಯ ಗೋಕುಲ ರಸ್ತೆಯು ಚಲನೆಯನ್ನೇ ಕಸುಬಾಗಿ ಮಾಡಿಕೊಂಡ ಬೀದಿ. ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಬಸ್ ನಿಲ್ದಾಣ, ವಿಮಾನ ನಿಲ್ದಾಣ, ಕೈಗಾರಿಕಾ ವಸಾಹತು, ಹೊಸ ಗಾಡಿ ಮಾರುವ ಮಳಿಗೆಗಳು, ಹಳೆಯ ಗಾಡಿಗೆ ಜೀವ ತುಂಬುವ ಗ್ಯಾರೇಜುಗಳು, ಎಲ್ಲವೂ ಅಲ್ಲಿವೆ. ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ, ನಾಲ್ಕೂ ಗಾಲಿಗಳಿಗೆ ಯಂತ್ರದ ಬಲ ಹರಿಯುವ ಜೀಪುಗಳನ್ನು ಅಣಿಗೊಳಿಸಿಕೊಳ್ಳುವ ತರುಣರು ಈ ಗ್ಯಾರೇಜುಗಳ ಮುಂದೆ ಕಾಣಸಿಗುತ್ತಾರೆ. ಅಮೆರಿಕದ ಮರುಭೂಮಿಯಲ್ಲಿಯೂ ಆಫ್ರಿಕದ ಮರಳುಗಾಡಿನಲ್ಲಿಯೂ ಜನರು ತೊರೆದುಹೋದ ಊರುಗಳ ಚಿತ್ರಗಳನ್ನು ಕಂಡು, ಅಂಥದೊಂದು ಸಂಚಾರ ನಮಗೂ ಸಾಧ್ಯವೇ ಎಂದು ಅವರು ಕೇಳುತ್ತಾರೆ. ಸಾಧ್ಯವೆಂಬುದೇ ನನ್ನ ಉತ್ತರ. ಆದರೆ ಅಲ್ಲಿಗೆ ಹೋಗುವ ಬಗೆಯನ್ನೂ, ಹೋಗಿ ನೋಡತಕ್ಕುದೇನೆಂಬುದನ್ನೂ ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಮೊದಲು ದೂರದ ನಿದರ್ಶನವನ್ನು ನೋಡೋಣ. ನೆವಾಡಾ ಪ್ರಾಂತದ ಮರುಭೂಮಿಯಲ್ಲಿ 1904ರಲ್ಲಿ ಬಂಗಾರದ ಸುಳಿವು ಸಿಕ್ಕಿದೊಡನೆ ರಾಯೊಲೈಟ್ ಎಂಬ ಪಟ್ಟಣ ಹುಟ್ಟಿಕೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿಗೆ ರೈಲು ಬಂದಿತು, ವಿದ್ಯುದ್ದೀಪ ಬಂದಿತು, ಕೊಳವೆಗಳಲ್ಲಿ ನೀರು ಬಂದಿತು, ಮೂರಂತಸ್ತಿನ ಬ್ಯಾಂಕು ತಲೆಯೆತ್ತಿತು; ಮರವು ದುರ್ಲಭವಾದ ನಾಡಾದುದರಿಂದ ಒಬ್ಬನು ಖಾಲಿ ಸೀಸೆಗಳನ್ನೇ ಪೇರಿಸಿ 1906ರಲ್ಲಿ ಮನೆ ಕಟ್ಟಿಸಿದನು. 1907ರಲ್ಲಿ ಅಮೆರಿಕದ ಹಣದ ಪೇಟೆ ಕುಸಿದಾಗ ಬಂಡವಾಳ ಹಿಂಜರಿಯಿತು, 1911ರಲ್ಲಿ ಮುಖ್ಯ ಗಣಿ ಮುಚ್ಚಿತು, 1916ರಲ್ಲಿ ವಿದ್ಯುತ್ತಿನ ಸರಬರಾಜು ನಿಂತಿತು. ನಮೀಬಿಯದ ಕೊಲ್ಮಾನ್ಸ್‌ಕೊಪ್ ಊರಿನ ಕಥೆಯೂ ಇದಕ್ಕೆ ಹತ್ತಿರದ್ದೇ; 1908ರಲ್ಲಿ ರೈಲು ಹಳಿಯ ಮರಳನ್ನು ತೆಗೆಯುತ್ತಿದ್ದ ಕೂಲಿಯೊಬ್ಬನ ಕೈಗೆ ವಜ್ರ ದೊರೆತುದರಿಂದ ಹುಟ್ಟಿದ ಆ ಊರು 1956ರ ಹೊತ್ತಿಗೆ ಬರಿದಾಗಿ, ಈಗ ಅದರ ಕೋಣೆಗಳಲ್ಲಿ ಮರಳು ಎದೆಯುದ್ದ ತುಂಬಿ ನಿಂತಿದೆ. ರಾಯೊಲೈಟಿಗೆ ನೆರೆಯಾದ ಮೃತ್ಯುಕಣಿವೆಯಲ್ಲಿ 1913ರ ಬೇಸಗೆಯಲ್ಲಿ 56.7 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಗಿದೆಯೆಂಬುದನ್ನು ನೆನೆದರೆ, ಅಲ್ಲಿ ಸಂಚರಿಸುವವರು ಚಳಿಗಾಲವನ್ನೇ ಏಕೆ ಆರಿಸಿಕೊಳ್ಳುವರೆಂಬುದು ತಾನಾಗಿಯೇ ತಿಳಿಯುತ್ತದೆ.

ರಾಯೊಲೈಟಿನಲ್ಲಿ ಬಂಗಾರದ ಗದ್ದಲ ನಡೆದಿದ್ದ ಅದೇ ದಶಕದಲ್ಲಿ ನಮ್ಮ ಧಾರವಾಡ ಜಿಲ್ಲೆಯಲ್ಲಿಯೂ ಅಂಥದೇ ಗದ್ದಲ ನಡೆದಿತ್ತೆಂಬುದು ಇಂದು ಬಹುಮಂದಿಗೆ ತಿಳಿಯದು. ಗೋಕುಲ ರಸ್ತೆಯಿಂದ ಹೊರಟು ಮೂಡಲಿಗೆ ಅರುವತ್ತು ಕಿಲೋಮೀಟರಿನಷ್ಟು ಸಾಗಿದರೆ ಗದಗು. ಅಲ್ಲಿಂದ ತೆಂಕಣಕ್ಕೆ ಬಯಲಿನ ನಡುವೆ ನೀಳವಾಗಿ ಮಲಗಿರುವ ಬೆಟ್ಟಸಾಲೇ ಕಪ್ಪತಗುಡ್ಡ. ಈ ಪ್ರದೇಶ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ರಾಬರ್ಟ್ ಬ್ರೂಸ್ ಫೂಟ್ ಮಹಾಶಯನು ಇಲ್ಲಿಯ ಸುವರ್ಣಯುಕ್ತ ಶಿಲೆಗಳನ್ನು ಕುರಿತು 1874ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಸೊರಟೂರಿನ ಹಳ್ಳದ ಮಣ್ಣನ್ನು ಮರದ ಮರಿಗೆಯಲ್ಲಿ ತೊಳೆದು ಬಂಗಾರದ ಕಣಗಳನ್ನು ಆರಿಸುತ್ತಿದ್ದ ಜಲಗಾರರನ್ನು ಆತನು ಕಂಡನು. ಮುಂದೆ ಈ ಬಗೆಯ ಪ್ರಾಚೀನ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟವನೂ ಆತನೇ. ಇಂದು ಜಗತ್ತಿನ ಭೂಶಾಸ್ತ್ರ ಗ್ರಂಥಗಳಲ್ಲಿ ನಮ್ಮ ಊರಿನ ಹೆಸರು ನಿಂತಿರುವುದು ಅವನಿಂದ.

ಫೂಟ್ ಬರೆದುದು ಲಂಡನ್ನಿನ ಹಣವಂತರ ಕಿವಿಗೆ ಬೀಳದಿರಲಿಲ್ಲ. 1880ರ ದಶಕದಲ್ಲಿ ಗದಗಿಗೆ ರೈಲು ಬಂದಿದ್ದಿತು. ಕೋಲಾರದ ಗಣಿಗಳ ಯಶಸ್ಸು ಎಲ್ಲರ ಕಣ್ಣನ್ನೂ ಕುಕ್ಕುತ್ತಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಗಳ ಆಸುಪಾಸಿನಲ್ಲಿ ಕಂಪನಿಗಳು ಗಣಿ ತೋಡಿದವು. ಆ ದಶಕವು ಮುಗಿದ ಸ್ವಲ್ಪ ಕಾಲದಲ್ಲಿಯೇ ಕೆಲಸ ನಿಂತುಹೋಯಿತು. ಇಲ್ಲಿಯ ಬಂಗಾರವು ಬಹುಮಟ್ಟಿಗೆ ಗಂಧಕವನ್ನೂ ಸೋಮಲವನ್ನೂ ಕೂಡಿಕೊಂಡ ಖನಿಜಗಳ ಒಳಗೆ ಅಡಗಿರುವಂಥದು. ಕಲ್ಲನ್ನು ಕುಟ್ಟಿ ಪಾದರಸದ ಮೇಲೆ ಹರಿಸಿದ ಮಾತ್ರಕ್ಕೆ ಅದು ಬೇರ್ಪಡುವುದಿಲ್ಲ. ಕಲ್ಲು ಒಡೆಯುವ ಕೂಲಿ, ಉರುವಲು, ಯಂತ್ರದ ಬಾಬ್ತು ಎಲ್ಲವನ್ನೂ ಕಳೆದ ಮೇಲೆ ಕೈಯಲ್ಲಿ ಏನೂ ಉಳಿಯದಾದಾಗ, ಸಮುದ್ರದಾಚೆಯ ಲೆಕ್ಕದ ಪುಸ್ತಕದಲ್ಲಿ ಒಂದು ಗೀಟು ಬಿದ್ದಿತು. ಇಲ್ಲಿ ಗಣಿಯವರ ವಸತಿಯೇ ಕಣ್ಮರೆಯಾಯಿತು.

ಇನ್ನು ಕಾಲದ ವಿಚಾರ. ನಮ್ಮಲ್ಲಿ ಚಳಿಗಾಲವನ್ನು ಆರಿಸಿಕೊಳ್ಳುವುದಕ್ಕೆ ಬಿಸಿಲಿಗಿಂತ ಮಣ್ಣೇ ಹೆಚ್ಚಿನ ಕಾರಣ. ಹುಬ್ಬಳ್ಳಿಯಿಂದ ಗದಗಿನವರೆಗೂ ಹಬ್ಬಿರುವ ಎರಿ ಭೂಮಿ ಹಿಂಗಾರಿ ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ. ಆಗ ಗಾಲಿಯ ಗೀರುಗಳಲ್ಲಿ ಅದು ತುಂಬಿಕೊಂಡರೆ ಎಂಥ ಬಲಶಾಲಿ ವಾಹನವೂ ಎಣ್ಣೆ ಸವರಿದ ನೆಲದ ಮೇಲೆ ನಿಂತಂತೆ ಜಾರುತ್ತದೆ. ಮಾರ್ಗಶೀರ್ಷ ಪುಷ್ಯಗಳ ಹೊತ್ತಿಗೆ ಮೇಲ್ಪದರ ಒಣಗಿ, ಬಿರಿದು, ಬಂಡಿಯ ಜಾಡು ಗಟ್ಟಿಯಾಗುತ್ತದೆ. ಗುಡ್ಡದ ಬುಡದ ಮಸಾರಿ ನೆಲವಂತೂ ಅದಕ್ಕೂ ಮೊದಲೇ ಒಣಗಿರುತ್ತದೆ. ಇನ್ನೊಂದು ಲಾಭವೂ ಉಂಟು. ಚಳಿಗಾಲದ ಸೂರ್ಯನು ಮುಂಜಾನೆ ಬಹಳ ಹೊತ್ತು ಓರೆಯಾಗಿಯೇ ಬೆಳಗುವುದರಿಂದ ಗೇಣುದ್ದದ ದಿಬ್ಬವೂ ಮಾರುದ್ದದ ನೆರಳನ್ನು ಚೆಲ್ಲುತ್ತದೆ. ನಡುಹಗಲಿನಲ್ಲಿ ಬರಿಯ ಬಯಲಾಗಿ ತೋರಿದ ಸ್ಥಳದಲ್ಲಿ ಗೋಡೆಯ ಅಡಿಪಾಯದ ಗೆರೆ, ಹಳೆಯ ದಾರಿಯ ಏರು, ಮಣ್ಣು ಸುರಿದ ಗುಪ್ಪೆ ಆಗ ಎದ್ದು ಕಾಣುತ್ತವೆ. ಪುರಾತತ್ತ್ವ ಶೋಧಕರು ಈ ಓರೆಬೆಳಕನ್ನು ಬಹುಕಾಲದಿಂದ ಉಪಯೋಗಿಸುತ್ತ ಬಂದಿದ್ದಾರೆ.

ವಾಹನದ ವಿಷಯದಲ್ಲಿ ಎರಡು ಮಾತು. ಸಾಮಾನ್ಯ ಕಾರಿನಲ್ಲಿ ಯಂತ್ರದ ಬಲ ಎರಡು ಗಾಲಿಗಳಿಗೆ ಮಾತ್ರ ತಲುಪುತ್ತದೆ. ತಿರುವಿನಲ್ಲಿ ಒಳಗಾಲಿ ಹೊರಗಾಲಿಗಳು ಬೇರೆ ಬೇರೆ ವೇಗದಲ್ಲಿ ಉರುಳಲೆಂದು ಅವುಗಳ ನಡುವೆ ಒಂದು ಹಲ್ಲುಗಾಲಿಗಳ ಏರ್ಪಾಡು ಇರುತ್ತದೆ. ಒಂದು ಗಾಲಿ ಉಸುಕಿನಲ್ಲಿ ಹುಗಿದು ಹಿಡಿತ ತಪ್ಪಿತೆಂದರೆ, ಈ ಏರ್ಪಾಡಿನ ದೆಸೆಯಿಂದಲೇ ಅದೊಂದೇ ವ್ಯರ್ಥವಾಗಿ ತಿರುಗುತ್ತ, ಗಟ್ಟಿನೆಲದ ಮೇಲಿರುವ ಜೊತೆಗಾಲಿ ಸುಮ್ಮನೆ ನಿಂತುಬಿಡುತ್ತದೆ. ಜೀಪಿನಲ್ಲಿ ಮುಂದಿನ ಗಾಲಿಗಳಿಗೂ ಬಲವನ್ನು ಹಂಚುವ ಎರಡನೆಯ ಗೇರುಪೆಟ್ಟಿಗೆಯುಂಟು. ಅದರ ಕೆಳಗೇರಿನಲ್ಲಿ ವೇಗ ಕುಗ್ಗಿ ಎಳೆತ ಹೆಚ್ಚುತ್ತದೆ. ಹಳ್ಳದ ಉಸುಕನ್ನು ದಾಟುವಾಗ ಟೈರಿನ ಗಾಳಿಯನ್ನು ಕೊಂಚ ಇಳಿಸಿದರೆ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಉದ್ದಕ್ಕೆ ಅಪ್ಪಿಕೊಳ್ಳುತ್ತದೆ. ಡಾಂಬರು ರಸ್ತೆಗೆ ಮರಳಿದ ಕೂಡಲೆ ಗಾಳಿ ತುಂಬತಕ್ಕದ್ದು. ಇಷ್ಟೆಲ್ಲ ಸಾಮರ್ಥ್ಯವಿದ್ದರೂ ಬಂಡಿಯ ಜಾಡನ್ನು ಬಿಟ್ಟು ಹೊಲಕ್ಕೆ ಇಳಿಯುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಚಳಿಗಾಲದಲ್ಲಿ ಆ ಬಯಲು ಬರಿದಾಗಿರುವುದಿಲ್ಲ. ಬಿಳಿಜೋಳ, ಕಡಲೆ, ಕುಸುಬಿಗಳು ಅಲ್ಲಿ ನಿಂತಿರುತ್ತವೆ, ಒಂದು ಕುಟುಂಬದ ವರ್ಷದ ಅನ್ನ ಅದರಲ್ಲಿರುತ್ತದೆ. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿದೆ. ಅದರ ಎಲ್ಲೆಯಲ್ಲಿ ವಾಹನವನ್ನು ನಿಲ್ಲಿಸಿ, ಅರಣ್ಯ ಇಲಾಖೆಯ ಅನುಮತಿಯಿದ್ದಲ್ಲಿ, ಅನುಮತಿಯಿದ್ದಷ್ಟು ದೂರ ನಡೆದೇ ಹೋಗಬೇಕು. ಈ ನಿಯಮವನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ, ಏಕೆಂದರೆ ಪಾಳೂರಿನಲ್ಲಿ ಉಳಿದಿರುವುದೆಲ್ಲ ನೆಲದ ಮೇಲಿನ ಸೂಕ್ಷ್ಮವಾದ ಗುರುತುಗಳೇ. ಗಾಲಿ ಹರಿದಲ್ಲಿ ಅವು ಅಳಿಸಿಹೋಗುತ್ತವೆ.

ಇಳಿದು ನಡೆದರೆ ಕಾಣುವುದೇನು? ಗಣಿ ತೋಡಿದವರು ಹೊರಚೆಲ್ಲಿದ ಕಲ್ಲುಗುಪ್ಪೆಯೊಂದರ ಬಳಿ ಕುಳಿತು, ಒಂದು ಬೆಣಚುಕಲ್ಲಿನ ಚೂರನ್ನು ಬಿಸಿಲಿಗೆ ಹಿಡಿದು ನೋಡಿರಿ. ಹಾಲಿನ ಬಣ್ಣದ ಮೈಯಲ್ಲಿ ತುಕ್ಕಿನ ಬಣ್ಣದ ಸಣ್ಣ ಸಣ್ಣ ಗೂಡುಗಳಿರುತ್ತವೆ, ಕೆಲವು ಚೌಕಾಕಾರವಾಗಿಯೇ ಇರುತ್ತವೆ. ಅಲ್ಲಿ ಒಂದು ಕಾಲಕ್ಕೆ ಕಬ್ಬಿಣ ಗಂಧಕಗಳು ಕೂಡಿದ ಹರಳುಗಳಿದ್ದವು; ಗಾಳಿ ನೀರುಗಳು ತಾಗಿ ಅವು ಕರಗಿಹೋಗಿ, ಅವುಗಳ ಆಕಾರ ಮಾತ್ರ ಗೂಡಾಗಿ ಉಳಿದಿದೆ. ಜಲಗಾರನೂ ಕಂಪನಿಯ ಎಂಜಿನಿಯರನೂ ಅರಸಿದ್ದು ಇಂಥ ಕಲ್ಲನ್ನೇ. ಗಣಿಯ ಬಾಯಿಯನ್ನು ಮಾತ್ರ ದೂರದಿಂದಲೇ ನೋಡತಕ್ಕದ್ದು. ಹುಲ್ಲು ಮುಚ್ಚಿದ ಅಂಚು ಕುಸಿದೀತು, ಒಳಗಿನ ಗಾಳಿ ಉಸಿರಾಟಕ್ಕೆ ಒದಗದಂಥದೂ ಆಗಿದ್ದೀತು.

ಇಂಥ ಸ್ಥಳಗಳನ್ನು ನೋಡುತ್ತ ನೋಡುತ್ತ ನನ್ನಲ್ಲಿ ಬಲಿತ ಅಭಿಪ್ರಾಯವೊಂದುಂಟು. ಊರನ್ನು ಕೊಲ್ಲುವುದು ನಾಡಿನ ಶುಷ್ಕತೆಯಲ್ಲ. ತನ್ನ ನೀರು, ತನ್ನ ಅನ್ನ, ತನ್ನ ನಿರ್ಧಾರಗಳೆಲ್ಲ ಪರಸ್ಥಳದಿಂದ ಬರಬೇಕಾದ ಊರು ನಾಡು ಎಂಥದಿದ್ದರೂ ಬಾಳಲಾರದು. ಅತ್ತಿಕಟ್ಟಿ, ಕಬಲಾಯತಕಟ್ಟಿಗಳ ಜನವಸತಿ ಇಂದಿಗೂ ಇದೆ. ಮಳೆಯನ್ನೂ ದನಕರುಗಳನ್ನೂ ನಂಬಿದವರು ಉಳಿದರು. ಗಣಿ ಮುಚ್ಚಿದ ಊರುಗಳೆಲ್ಲ ಪಾಳೂರುಗಳಾಗುವುದೂ ಇಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಒಮ್ಮೆ ಮುಚ್ಚಿದ್ದರೂ 1947ರಲ್ಲಿ ಅದನ್ನು ಮರಳಿ ತೆರೆಯಲು ಕಂಪನಿ ಸ್ಥಾಪನೆಯಾಗಿ, ಊರು ಇಂದಿಗೂ ಬಾಳುತ್ತಿದೆ. ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಲ್ಲಿಯ ಸೈನೈಡ್ ದಿಬ್ಬಗಳು ಮರುಭೂಮಿಯನ್ನೇ ಹೋಲುತ್ತವೆಯಾದರೂ ಅವುಗಳ ನೆರಳಿನಲ್ಲಿ ಸಹಸ್ರಾರು ಸಂಸಾರಗಳಿವೆಯಾದುದರಿಂದ ಅದನ್ನು ಪಾಳೂರೆಂದು ಕರೆಯುವುದು ಆ ಜನರಿಗೆ ಮಾಡುವ ಅನ್ಯಾಯ.

ಕಪ್ಪತಗುಡ್ಡಕ್ಕೆ ಹೋಗುವವರು ದಾರಿಯಲ್ಲಿ ದಂಬಳದಲ್ಲಿ ಇಳಿಯದೆ ಹೋಗಬಾರದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನವೊಂದರಲ್ಲಿ ಅಲ್ಲಿಯ ಬೌದ್ಧ ವಿಹಾರದ ಪ್ರಸ್ತಾಪವಿದೆ. ಅದನ್ನು ಕಟ್ಟಿಸಿದವರು ಆ ಊರಿನ ಹದಿನಾರು ಮಂದಿ ಸೆಟ್ಟಿಗಳು. ಆ ವಣಿಕರ ನಗರವು ಕುಗ್ಗಿ ಹಳ್ಳಿಯಾಯಿತೇ ಹೊರತು ಪಾಳು ಬೀಳಲಿಲ್ಲ. ಅದಕ್ಕೊಂದು ದೊಡ್ಡ ಕೆರೆಯುಂಟು, ಸುತ್ತಲೂ ಬಿತ್ತುವ ಭೂಮಿಯುಂಟು. ನಕ್ಷತ್ರಾಕಾರದ ತಳವಿನ್ಯಾಸವುಳ್ಳ ದೊಡ್ಡಬಸಪ್ಪನ ಗುಡಿಯನ್ನು ನೋಡಿಕೊಂಡು, ಗುಡ್ಡದ ದಾರಿಯನ್ನು ಊರವರಿಂದಲೇ ಕೇಳಿ ತಿಳಿಯುವುದೊಳಿತು. ಎಳ್ಳ ಅಮಾವಾಸ್ಯೆಯ ದಿನ ಹೋಗುವಿರಾದರೆ, ಅಂದು ಚರಗ ಚೆಲ್ಲಲು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಗಳಿಗೆ ಹೊರಟಿರುತ್ತಾರೆ. ಆ ಇಕ್ಕಟ್ಟಾದ ಜಾಡುಗಳಲ್ಲಿ ನಿಮ್ಮ ಜೀಪನ್ನು ತೂರಿಸದೆ ಊರ ಹೊರಗೆ ನಿಲ್ಲಿಸಿ, ಅವರ ಜೊತೆಯಲ್ಲಿಯೇ ನಡೆಯಿರಿ.